ಠೇವಣಿ, ಫೋನು ಮತ್ತು ನಮ್ಮಕ್ಕ

ಪಲ್ಲಾವರದಲ್ಲಿ ಮನೆ ಮಾಡಿದವರಿಗೆ ಒಂದು ಅಭ್ಯಾಸ ತಾನಾಗಿ ಬಂದುಬಿಡುತ್ತದೆ. ತಲೆಯ ಮೇಲೆ ವಿಮಾನ ಹಾದುಹೋಗುವಾಗ ಮಾತು ನಿಲ್ಲಿಸಿ, ಅದು ಮೀನಂಬಾಕ್ಕಂ ಕಡೆ ಇಳಿದ ಮೇಲೆ ಬಿಟ್ಟ ಕಡೆಯಿಂದ ಮುಂದುವರಿಸುವುದು. 2024ರ ಆಗಸ್ಟಿನ ಒಂದು ಭಾನುವಾರ ಸಂಜೆ ತರೀಕೆರೆಯಲ್ಲಿರುವ ನಮ್ಮಕ್ಕನಿಗೆ ಎಂದಿನಂತೆ ಫೋನು ಮಾಡಿದ್ದೆ. "ಹೇಗಿದೀಯಕ್ಕ?" ಅಂದೆ. ವಿಮಾನ ಬಂತು. ಅದು ಹೋದ ಮೇಲೆ ಕೇಳಿಸಿದ್ದು "ಎಲ್ಲಾ ಚೆನ್ನಾಗಿದೆ ಕಣೋ, ಇಡ್ತೀನಿ" ಅನ್ನುವುದಷ್ಟೇ. ಅರ್ಧ ಗಂಟೆಗೆ ಕಡಿಮೆ ಫೋನು ಬಿಡದವಳು ಎರಡು ನಿಮಿಷಕ್ಕೆ ಇಟ್ಟಳು. ನಾನೂ ಅಷ್ಟಕ್ಕೇ ಬಿಟ್ಟು ಟಿವಿ ಕಡೆ ತಿರುಗಿದೆ.

ಅವಳು ನನ್ನ ಜೊತೆ ಮಾತಾಡಿದ್ದು ಹಳೆಯ ಬಟನ್ ಫೋನಿನಲ್ಲಿ. ಕೆನಡಾದಲ್ಲಿರುವ ಮಗಳು ಕೊಡಿಸಿದ್ದ ಸ್ಮಾರ್ಟ್ ಫೋನು ಆಗ ಊಟದ ಮೇಜಿನ ಮೇಲೆ ಒರಗಿಸಿ ನಿಂತಿತ್ತು. ಅದರೊಳಗೆ ಪೊಲೀಸ್ ಟೋಪಿ ಹಾಕಿದ ಒಬ್ಬ ಬೆಳಗಿನಿಂದ ಅವಳನ್ನೇ ನೋಡುತ್ತ ಕೂತಿದ್ದ. ಸೋಮವಾರ ಬ್ಯಾಂಕು ತೆರೆಯುತ್ತಲೇ ಅಕ್ಕ ಹೋಗಿ, ಫಿಕ್ಸೆಡ್ ಡಿಪಾಜಿಟ್ ಮುರಿಸಿ, 4,80,000 ರೂಪಾಯಿಯನ್ನು ಅವನು ಹೇಳಿದ ಖಾತೆಗೆ ಕಳಿಸಿದಳು. ನನಗೆ ಹೇಳಿದ್ದು ಹತ್ತೊಂಬತ್ತು ದಿನ ಆದ ಮೇಲೆ. ನಾನೋ, ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಊರವರ ದುಡ್ಡನ್ನೆಲ್ಲ ಕಾದೆ, ಮನೆಯವಳದ್ದು ಹೋಯಿತು. ಇದು ಹೇಗಾಯಿತು ಅಂತ ಯೋಚಿಸುತ್ತ ಕೂತಾಗ ನನ್ನ ಕಸುಬಿನ ಚರಿತ್ರೆಯೇ ಒಂದೊಂದಾಗಿ ನೆನಪಿಗೆ ಬಂತು.

ನಾನು ಮದರಾಸಿಗೆ ವರ್ಗವಾಗಿ ಬಂದದ್ದು 1986ರಲ್ಲಿ. ಪಲ್ಲಾವರದಿಂದ ಬೀಚ್ ಸ್ಟೇಷನ್ನಿಗೆ ಲೋಕಲ್ ರೈಲು, ಅಲ್ಲಿಂದ ಕಚೇರಿಗೆ ನಡಿಗೆ. ಹಿರಿಯ ಸಹೋದ್ಯೋಗಿಯೊಬ್ಬರು ಹೊಸಬರನ್ನು ಕರೆದುಕೊಂಡು ಹೋಗಿ, ಫಸ್ಟ್ ಲೈನ್ ಬೀಚ್ ರಸ್ತೆಯನ್ನು ತೋರಿಸಿ, ಅರ್ಬತ್‌ನಾಟ್ ಕಥೆ ಹೇಳುತ್ತಿದ್ದರು. ನಮ್ಮ ಕಸುಬಿಗೆ ಅದು ಒಂದು ರೀತಿಯ ಅಕ್ಷರಾಭ್ಯಾಸ ಅನ್ನಿ.

ಪ್ಯಾರಿ, ಬಿನ್ನಿ, ಅರ್ಬತ್‌ನಾಟ್, ಇವು ಮೂರು ಮದರಾಸಿನ ದೊಡ್ಡ ಇಂಗ್ಲಿಷ್ ಕಂಪನಿಗಳು. ಅರ್ಬತ್‌ನಾಟ್ ಕಂಪನಿ ಜನರಿಂದ ಠೇವಣಿಯನ್ನೂ ತೆಗೆದುಕೊಳ್ಳುತ್ತಿತ್ತು. ಬಡ್ಡಿ ಚೆನ್ನಾಗಿತ್ತು, ಯಜಮಾನ ಸರ್ ಪದವಿಯವನು, ಇನ್ನೇನು ಬೇಕು? ನಿವೃತ್ತ ನೌಕರರು, ವಿಧವೆಯರು, ಸಣ್ಣ ವ್ಯಾಪಾರಿಗಳು ಅಲ್ಲಿ ದುಡ್ಡಿಟ್ಟರು. 1906ರ ಅಕ್ಟೋಬರ್ 22ರಂದು ಕಂಪನಿ ಬಾಗಿಲು ಹಾಕಿತು. ಲಂಡನ್ನಿನ ಪಾಲುದಾರ ಮ್ಯಾಕ್‌ಫೇಡಿಯನ್ ಸಟ್ಟಾ ವ್ಯವಹಾರದಲ್ಲಿ ಎಲ್ಲವನ್ನೂ ಕಳೆದು, ಅದಕ್ಕೆ ಎರಡು ದಿನ ಮೊದಲಷ್ಟೇ ಆತ್ಮಹತ್ಯೆ ಮಾಡಿಕೊಂಡಿದ್ದ. ಸರ್ ಜಾರ್ಜ್ ಅರ್ಬತ್‌ನಾಟ್‌ಗೆ ಹದಿನೆಂಟು ತಿಂಗಳ ಕಠಿಣ ಶಿಕ್ಷೆಯಾಯಿತು. ಇಂಗ್ಲಿಷರವನೊಬ್ಬ, ಅದೂ ಸರ್ ಪದವಿಯವನು, ನಮ್ಮ ದೇಶದ ಜೈಲಿಗೆ ಹೋದದ್ದು ಆ ಕಾಲಕ್ಕೆ ಸಣ್ಣ ಸುದ್ದಿಯಲ್ಲ. ಆ ಸಿಟ್ಟಿನಲ್ಲೇ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮುಂತಾದವರು ಸೇರಿ 1907ರಲ್ಲಿ ಇಂಡಿಯನ್ ಬ್ಯಾಂಕ್ ಕಟ್ಟಿದರು.

ಇದನ್ನು ಕೇಳುವಾಗಲೆಲ್ಲ ನನಗೆ ನಮ್ಮ ಕಡೆಯದು ನೆನಪಾಗುತ್ತಿತ್ತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯಕ್ಕೇ ಸೇರಿತ್ತಲ್ಲ. ಅರ್ಬತ್‌ನಾಟ್ ಮುಳುಗುವ ಮೂರು ತಿಂಗಳ ಮೊದಲು, ಅದೇ 1906ರ ಜುಲೈನಲ್ಲಿ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರು ಮಾಡಿದ್ದರು. ಅದೇ ಮುಂದೆ ಕೆನರಾ ಬ್ಯಾಂಕ್. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರು ಮಾಡಿದ ಸಂಸ್ಥೆ ಕಾರ್ಪೊರೇಷನ್ ಬ್ಯಾಂಕಾಯಿತು. ಇವೆಲ್ಲ ಮುಖ ಪರಿಚಯದ ಮೇಲೆ ನಿಂತ ಸಂಸ್ಥೆಗಳು. ದುಡ್ಡು ಇಟ್ಟವನಿಗೆ ಇಟ್ಟುಕೊಂಡವನ ಮನೆ ಗೊತ್ತು.

ಆ ಮುಖ ಪರಿಚಯದ ತುತ್ತತುದಿ ಅಂದರೆ ಪಿಗ್ಮಿ. ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ್ದು. ಏಜೆಂಟ್ ದಿನಾ ಅಂಗಡಿಗೆ, ಮನೆಗೆ ಬಂದು ಎರಡಾಣೆಯಾದರೂ ಸರಿ, ಪಡೆದು ಬರೆದುಕೊಂಡು ಹೋಗುವುದು. ತರೀಕೆರೆಯ ನಮ್ಮ ಬೀದಿಗೂ ಒಬ್ಬರು ಸೈಕಲ್ಲಿನಲ್ಲಿ ಬರುತ್ತಿದ್ದರು. ಅಮ್ಮ ಅವರಿಗೆ ಕಾಫಿ ಕೊಡದೆ ಕಳಿಸಿದ ದಿನ ಇಲ್ಲ. ಅವರು ಅಪ್ಪನ ಕೆಮ್ಮು ವಿಚಾರಿಸುವರು, ಅಕ್ಕನಿಗೆ ಗಂಡು ನೋಡಿದ್ದೀರಾ ಅಂತ ಕೇಳುವರು. ಅಮ್ಮ ಇದ್ದಕ್ಕಿದ್ದ ಹಾಗೆ "ಎಲ್ಲಾ ದುಡ್ಡೂ ಇವತ್ತೇ ಬೇಕು" ಅಂದಿದ್ದರೆ, ಆ ಪುಣ್ಯಾತ್ಮರು ಸಂಜೆಯೊಳಗೆ ಅಪ್ಪನ ಕಿವಿಗೆ ಹಾಕದೆ ಇರುತ್ತಿರಲಿಲ್ಲ. ಗ್ರಾಹಕರ ಗುಟ್ಟು ಕಾಯುವ ನಿಯಮದ ಪ್ರಕಾರ ಅದು ತಪ್ಪೇ. ಆದರೂ ಹೇಳುತ್ತಿದ್ದೇನೆ, ನೂರು ಸುತ್ತೋಲೆಗಿಂತ ದೊಡ್ಡ ಕಾವಲು ಅದು.

ಮೋಸ ಆಗ ಇರಲಿಲ್ಲವೆಂದಲ್ಲ. ಮದರಾಸಿನಲ್ಲಿ ನಾನೇ ಕಣ್ಣಾರೆ ಕಂಡದ್ದು ತೊಂಬತ್ತರ ದಶಕದ ಫೈನಾನ್ಸ್ ಕಂಪನಿಗಳ ಜಾತ್ರೆ. ನಮ್ಮ ಬ್ಯಾಂಕು ಕೊಡುತ್ತಿದ್ದ ಬಡ್ಡಿಯ ಎರಡರಷ್ಟು, ಜೊತೆಗೆ ಡಿಪಾಜಿಟ್ ಇಟ್ಟ ದಿನವೇ ಒಂದು ಉಡುಗೊರೆ. ಸ್ವಯಂನಿವೃತ್ತಿ ತೆಗೆದುಕೊಂಡವರು ನಮ್ಮ ಕೌಂಟರಿನಲ್ಲಿ ಹಣ ತೆಗೆದು, ಪಕ್ಕದ ಬೀದಿಗೆ ಹೋಗಿ ಅಲ್ಲಿ ಇಡುತ್ತಿದ್ದರು. ಬೇಡಿ ಸಾರ್ ಅಂದರೆ, ನಿಮಗೆ ಟಾರ್ಗೆಟ್ ತಪ್ಪುತ್ತೆ ಅಂತ ಹೇಳ್ತೀರಿ ಅಂತ ನಗುವರು. ತಮಿಳುನಾಡು ಸರ್ಕಾರ ಠೇವಣಿದಾರರ ರಕ್ಷಣೆಗೆ 1997ರಲ್ಲಿ ಕಾಯ್ದೆ ಮಾಡಿತು. ಅದರ ಮರುವರ್ಷವೇ ಅನುಭವ್ ಕಂಪನಿಯ ತೇಗದ ಮರದ ಯೋಜನೆ ಕುಸಿಯಿತು. ಕರ್ನಾಟಕದ ಕಾಯ್ದೆ ಬಂದದ್ದು 2004ರಲ್ಲಿ. 2019ರಲ್ಲಿ ಬೆಂಗಳೂರಿನ ಐಎಂಎ ಮುಳುಗಿದಾಗಲೂ ಅದೇ ಕಥೆ, ಅದೇ ಸಾಲು, ಅದೇ ಅಳು.

ಆದರೆ ನೋಡಿ, ಇವೆಲ್ಲದರಲ್ಲಿ ಒಂದು ಸಮಾನ ಅಂಶವಿತ್ತು. ಕಂಪನಿಗೆ ಒಂದು ಬೋರ್ಡು ಇತ್ತು, ಬಾಗಿಲು ಇತ್ತು. ಬೀಗ ಹಾಕಿದ ಬಾಗಿಲ ಮುಂದೆ ಮೋಸಹೋದವರೆಲ್ಲ ಸೇರುತ್ತಿದ್ದರು. ನಿಮ್ಮದೆಷ್ಟು, ನಮ್ಮದೆಷ್ಟು ಅಂತ ಕೇಳಿಕೊಂಡು, ಶಾಪ ಹಾಕಿ, ಸಂಘ ಕಟ್ಟಿ ಕೇಸು ಹಾಕುತ್ತಿದ್ದರು. ಹೋದ ದುಡ್ಡು ಬರದಿದ್ದರೂ ನಾನೊಬ್ಬನೇ ದಡ್ಡ ಅನ್ನುವ ಭಾವನೆ ಬರುತ್ತಿರಲಿಲ್ಲ. ನಮ್ಮಕ್ಕನಿಗೆ ಅಂಥ ಬಾಗಿಲು ಇರಲಿಲ್ಲ. ಅವಳು ಮೋಸ ಹೋದದ್ದೂ ಒಬ್ಬಳೇ, ಅತ್ತದ್ದೂ ಒಬ್ಬಳೇ.

ಇನ್ನೊಂದು ವಿಷಯ ಬ್ಯಾಂಕಿನವರಾದ ನಮಗೆ ಸ್ವಲ್ಪ ನಾಚಿಕೆಯದು. ನಾನು ಕೆಲಸಕ್ಕೆ ಸೇರಿದಾಗ ಹೊರ ಊರಿನ ಚೆಕ್ಕು ಕ್ಲಿಯರ್ ಆಗಲು ಎರಡು ವಾರ ಹಿಡಿಯುತ್ತಿತ್ತು. ಜನ ಬೈಯುತ್ತಿದ್ದರು, ನಮಗೂ ಬೇಸರವೇ. ಆಮೇಲೆ 2004ರಲ್ಲಿ ಆರ್‌ಟಿಜಿಎಸ್, 2005ರಲ್ಲಿ ಎನ್‌ಇಎಫ್‌ಟಿ, 2010ರಲ್ಲಿ ಐಎಂಪಿಎಸ್, 2016ರಲ್ಲಿ ಯುಪಿಐ ಬಂದವು. 2019ರ ಡಿಸೆಂಬರಿನಿಂದ ಎನ್‌ಇಎಫ್‌ಟಿ, 2020ರ ಡಿಸೆಂಬರಿನಿಂದ ಆರ್‌ಟಿಜಿಎಸ್ ಇಪ್ಪತ್ತನಾಲ್ಕು ಗಂಟೆಯೂ, ಭಾನುವಾರವೂ ನಡೆಯುವಂತಾಯಿತು. ಒಂದೊಂದು ಬಂದಾಗಲೂ ನಾವು ಶಾಖೆಯಲ್ಲಿ ಸಿಹಿ ಹಂಚಿದ್ದೇವೆ. ಆ ಎರಡು ವಾರದ ನಿಧಾನ ಒಂದು ಗೋಡೆಯೂ ಆಗಿತ್ತು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ನಿಧಾನವಾಗಿ ಹೋಗುವ ದುಡ್ಡನ್ನು ಹಿಂದೆ ಕರೆಯಬಹುದಿತ್ತು. ಈಗ ಅದು ಕಾಫಿ ಆರುವುದರೊಳಗೆ ಯಾರೋ ಬಾಡಿಗೆಗೆ ಕೊಟ್ಟ ನಾಲ್ಕು ಖಾತೆ ದಾಟಿರುತ್ತದೆ.

ಇದರ ಮೇಲೆ ಬ್ಯಾಂಕುಗಳ ವಿಲೀನ ಬೇರೆ. 2017ರಲ್ಲಿ ಮೈಸೂರು ಬ್ಯಾಂಕು, 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್, ಮೂರೂ ಹೆಸರುಗಳು ಹೋದವು. ಪಾಸ್‌ಬುಕ್ಕು ಬದಲು, ಚೆಕ್‌ಬುಕ್ಕು ಬದಲು, ಐಎಫ್‌ಎಸ್‌ಸಿ ಬದಲು. "ನಿಮ್ಮ ಬ್ಯಾಂಕು ಬದಲಾಗಿದೆ, ಕೆವೈಸಿ ಮಾಡಿಸಿ" ಅಂತ ಯಾರು ಫೋನು ಮಾಡಿದರೂ ವಯಸ್ಸಾದವರಿಗೆ ಅದು ನಿಜವೇ ಅನ್ನಿಸಿದರೆ ತಪ್ಪೇನು?

ಅಲ್ಲಿಯವರೆಗಿನ ಮೋಸವೆಲ್ಲ ಆಸೆಯ ಮೇಲೆ ನಡೆಯುತ್ತಿತ್ತು. ಲಾಟರಿಯೋ ಬಡ್ಡಿಯೋ, ಏನೋ ಒಂದು ಆಸೆ. ಹಾಗಾಗಿ ಆಸೆಬುರುಕರಿಗೆ ಹಾಗೇ ಆಗಬೇಕು ಅಂತ ನಾವು ಸುಲಭವಾಗಿ ಹೇಳಿ ಕೈತೊಳೆದುಕೊಳ್ಳುತ್ತಿದ್ದೆವು. ಈ 'ಡಿಜಿಟಲ್ ಅರೆಸ್ಟ್' ನಡೆಯುವುದು ಭಯದ ಮೇಲೆ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಕೊಟ್ಟು ಯಾರೋ ಸಿಮ್ ತೆಗೆದಿದ್ದಾರೆ, ಕ್ಯಾಮೆರಾ ಮುಂದಿನಿಂದ ಏಳಬಾರದು, ಯಾರಿಗೂ ಹೇಳಬಾರದು. ಕಾನೂನಿನಲ್ಲಿ ಇಂಥದ್ದೊಂದು ಬಂಧನವೇ ಇಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಇದನ್ನೇ ಹೇಳಿ, ಒಂದು ಕರೆಯ ದೃಶ್ಯ ತೋರಿಸಿದರು. ಅದು ನಮ್ಮ ವಿಜಯಪುರದ ಒಬ್ಬ ಯುವಕ ಧೈರ್ಯದಿಂದ ರೆಕಾರ್ಡ್ ಮಾಡಿಕೊಂಡದ್ದು. ಅಕ್ಕ ಅದನ್ನು ನೋಡಿ, "ಎರಡು ತಿಂಗಳು ಮೊದಲೇ ತೋರಿಸಬಾರದಿತ್ತೇನೋ" ಅಂದಳು.

ಎಲ್ಲರ ಕಥೆಯೂ ನಮ್ಮಕ್ಕನದರ ಹಾಗೆ ದುಡ್ಡಿನಲ್ಲೇ ಮುಗಿಯಲಿಲ್ಲ. 2025ರ ಮಾರ್ಚಿನಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ವೃದ್ಧ ದಂಪತಿ ಇಂಥದೇ ಕರೆಗೆ ಐವತ್ತು ಲಕ್ಷಕ್ಕೂ ಹೆಚ್ಚು ಕಳೆದುಕೊಂಡು ಪ್ರಾಣ ಬಿಟ್ಟರು. ಓದು ಬರಹ ಕಾಯುತ್ತದೆ ಅನ್ನುವಂತೆಯೂ ಇಲ್ಲ. ಬೆಂಗಳೂರಿನ 57 ವರ್ಷದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ತಿಂಗಳುಗಟ್ಟಲೆ 187 ಸಲ ಹಣ ಕಳಿಸಿ ಸುಮಾರು 32 ಕೋಟಿ ಕಳೆದುಕೊಂಡದ್ದು 2025ರ ನವೆಂಬರಿನಲ್ಲಿ ಹೊರಬಿತ್ತು. ಅಂಬಾಲಾದ ಹಿರಿಯ ದಂಪತಿಗೆ ಸುಪ್ರೀಂ ಕೋರ್ಟಿನದೇ ನಕಲಿ ಆದೇಶ ತೋರಿಸಿ ಹಣ ಕಿತ್ತಿದ್ದರಿಂದ, ಆ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತ್ತು. ಡಿಸೆಂಬರಿನಲ್ಲಿ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ನಮ್ಮಕ್ಕನೇನು ದಡ್ಡಿಯಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು. ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನೆಲ್ಲ ಕಟ್ಟಿ ಪಾಸು ಮಾಡಿದವಳು. ಅದೇ ಅವಳಿಗೆ ಮುಳುವಾಯಿತೇನೋ. ಮುಂಬಯಿ ಪೊಲೀಸ್ ಅಂತ ಅವನು ಹಿಂದಿಯಲ್ಲಿ ಗದರಿದ್ದು ಅವಳಿಗೆ ಅಕ್ಷರ ಅಕ್ಷರ ಅರ್ಥವಾಯಿತು. ನಮ್ಮ ಪಲ್ಲಾವರದ ಪಕ್ಕದ ಮನೆಯ ಪಾಟಿಗೂ ಅಂಥದೇ ಕರೆ ಬಂದಿತ್ತು. ಆಕೆ "ಹಿಂದಿ ತೆರಿಯಾದುಪ್ಪಾ" ಅಂದು, ಒಲೆಯ ಮೇಲೆ ಸಾಂಬಾರ್ ಇದೆ ಅಂತ ಇಟ್ಟೇಬಿಟ್ಟರಂತೆ. ಹಿಂದಿ ಸಭೆಯ ಪ್ರಧಾನ ಕಚೇರಿ ಇರುವುದು ಇದೇ ಊರಿನ ಟಿ. ನಗರದಲ್ಲಿ, 1918ರಿಂದ ನಡೆದುಬಂದ ಸಂಸ್ಥೆ. ಅದು ಕಲಿಸದೆ ಬಿಟ್ಟ ಒಬ್ಬರು ಉಳಿದುಕೊಂಡರು ನೋಡಿ.

ಹತ್ತೊಂಬತ್ತು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಆಗ ಅಕ್ಕ ಅಂದದ್ದು ಇವತ್ತಿಗೂ ಚುಚ್ಚುತ್ತದೆ. "ನೀನು ಬ್ಯಾಂಕಿನವನು. ಬೈತೀಯ ಅಂತ." ನಿಜವೇ. ಯಾರಾದರೂ ಓಟಿಪಿ ಹೇಳಿ ಮೋಸಹೋದ ಸುದ್ದಿ ಬಂದಾಗಲೆಲ್ಲ ನಾನು ಅವಳ ಮುಂದೆಯೇ ಎಂಥಾ ಪೆದ್ದರಪ್ಪ ಅಂತ ಎಷ್ಟು ಸಲ ನಕ್ಕಿಲ್ಲ! ಹಾಗೆ ನಕ್ಕು ನಕ್ಕು ಅವಳು ನನ್ನ ಹತ್ತಿರ ಹೇಳಿಕೊಳ್ಳುವ ಬಾಗಿಲನ್ನು ನಾನೇ ಮುಚ್ಚಿದ್ದೆ.

ಆ ಹತ್ತೊಂಬತ್ತು ದಿನದ ಬೆಲೆ ಏನು ಅಂತ ಲೆಕ್ಕ ಬಲ್ಲ ನನಗೆ ಗೊತ್ತು. 1930ಕ್ಕೆ ಮೊದಲ ಒಂದೆರಡು ಗಂಟೆಯೊಳಗೆ ತಿಳಿಸಿದರೆ, ಹಣ ಎಲ್ಲಿದೆಯೋ ಆ ಖಾತೆಯಲ್ಲೇ ಅದನ್ನು ತಡೆಹಿಡಿಯಬಹುದು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ, ಗ್ರಾಹಕನ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಅವನ ಮೇಲಿಲ್ಲ ಅನ್ನುತ್ತಿತ್ತು. ಆದರೆ ಅಕ್ಕ ತಾನೇ ಕೌಂಟರಿಗೆ ಹೋಗಿ ಫಾರಂಗೆ ಸಹಿ ಹಾಕಿ ಕಳಿಸಿದ್ದು. ಅಲ್ಲಿದ್ದ ಹುಡುಗ "ಯಾರಿಗಮ್ಮಾ ಇಷ್ಟು ದುಡ್ಡು?" ಅಂತ ಕೇಳಲಿಲ್ಲ. ಅವನನ್ನು ಬೈಯಲು ನನಗೆ ಬಾಯಿಲ್ಲ. ಕ್ಯೂ ಉದ್ದವಿದ್ದಾಗ ನಾನೂ ಎಷ್ಟೋ ಸಲ ಕೇಳಿಲ್ಲ. ದೂರು ಕೊಟ್ಟೆವು. ಒಂದು ಖಾತೆಯಲ್ಲಿ ಸಿಕ್ಕಿಬಿದ್ದಿದ್ದ ನಲವತ್ತೊಂದು ಸಾವಿರ ಬಂತು, ಮಿಕ್ಕದ್ದು ಹೋಯಿತು.

ಆಮೇಲೆ ನಾನು ತರೀಕೆರೆಗೆ ಹೋಗಿ ಹದಿನೈದು ದಿನ ಕೂತೆ. ನೆಟ್ ಬ್ಯಾಂಕಿಂಗಿನಲ್ಲಿ ಬರೀ ನೋಡುವ ಅವಕಾಶ ಉಳಿಸಿ ಹಣ ಕಳಿಸುವುದನ್ನು ತೆಗೆಸಿದೆ. ಯುಪಿಐ ಮಿತಿಯನ್ನು ದಿನಕ್ಕೆ ಎರಡು ಸಾವಿರಕ್ಕೆ ಇಳಿಸಿದೆ. ಅಲ್ಲಿಯವರೆಗೆ ಸುಮ್ಮನಿದ್ದಳು. ಎಲ್ಲಾ ಖಾತೆಗೂ ಇಬ್ಬರ ಸಹಿ ಬೇಕು ಅಂತ ಮಾಡಿಸೋಣ ಅಂದಾಗ ಎದ್ದು ನಿಂತಳು. "ನನ್ನ ಪೆನ್ಷನ್ ತೆಗೆಯೋಕೆ ನಿನ್ನ ಸಹಿ ಬೇಕಾ? ಅವನು ಎರಡು ದಿನ ಕೂಡಿಹಾಕಿದ್ದ. ನೀನು ಸಾಯೋವರೆಗೂ ಕೂಡಿಹಾಕ್ತೀಯಾ?" ನನಗೆ ಉತ್ತರ ಬರಲಿಲ್ಲ. ಕೊನೆಗೆ ರಾಜಿಯಾಯಿತು. ಮಿಕ್ಕ ಎರಡು ಡಿಪಾಜಿಟ್ಟು ಮಾತ್ರ ಜಂಟಿ, ಅವಧಿಗೆ ಮೊದಲು ಮುರಿಯಲು ಇಬ್ಬರ ಸಹಿ. ಪೆನ್ಷನ್ ಖಾತೆ ಅವಳದ್ದೇ, ನಾನು ಕೇಳುವಂತಿಲ್ಲ.

ಫೋನು ಈಗ ಭಾನುವಾರಕ್ಕೊಮ್ಮೆ ಅಲ್ಲ, ದಿನಾ ರಾತ್ರಿ ಎಂಟಕ್ಕೆ. ಹೊಸ ನಂಬರಿನಿಂದ ಮನೆಯವರ ಹೆಸರು ಹೇಳಿ ಯಾರೇ ಕರೆದರೂ ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿದ್ದ ಹಸುವಿನ ಹೆಸರು ಕೇಳಬೇಕು ಅಂತಲೂ ಅವಳಿಗೆ ಹೇಳಿಕೊಟ್ಟಿದ್ದೆ. ಹೋದ ತಿಂಗಳು ನನ್ನ ಫೋನು ಕೆಟ್ಟು, ಪಕ್ಕದ ಮನೆ ಪಾಟಿಯ ಫೋನಿನಿಂದ ಮಾಡಿದೆ. "ಅಕ್ಕ, ನಾನು" ಅಂದೆ. "ಹಸು ಹೆಸರೇನು?" ಅಂದಳು. "ಗೌರಿ" ಅಂದೆ. "ಗೌರಿ ಕರು. ಹಸು ತುಂಗೆ" ಅಂದು ಇಟ್ಟೇಬಿಟ್ಟಳು. ಮತ್ತೆ ಮಾಡಿದರೆ ತೆಗೆಯಲೇ ಇಲ್ಲ.