ನೆಗೆಟಿವ್‌ಗಳ ಧೂಳು ಮತ್ತು ಇತಿಹಾಸದ ಆಧಾರ

ಶಾಸನಗಳ ಪಡಿಯಚ್ಚುಗಳನ್ನು ಓದುವ ಅಭ್ಯಾಸವುಳ್ಳವರಿಗೆಲ್ಲ ಒಂದು ತೊಡಕು ಪರಿಚಿತವಾಗಿದೆ. ಅಕ್ಷರದ ಪಕ್ಕದಲ್ಲಿ ಕಾಣುವ ಸಣ್ಣ ಬಿಂದುವು ಲಿಪಿಕಾರನು ಕೊರೆದ ಅನುಸ್ವಾರವೋ, ಕಾಲಾಂತರದಲ್ಲಿ ಚಕ್ಕೆಯೆದ್ದು ಆದ ಕುಳಿಯೋ ಎಂಬುದನ್ನು ಕಾಗದದ ಮೇಲಿನ ಅಚ್ಚೊಂದರಿಂದಲೇ ನಿರ್ಣಯಿಸಲಾಗದು. ಮತ್ತೆ ಕಲ್ಲಿನ ಬಳಿಗೇ ಹೋಗಬೇಕಾಗುತ್ತದೆ. ಹಳೆಯ ಛಾಯಾಚಿತ್ರಗಳ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಸಂಗ್ರಹಿಸುವ ಕಾರ್ಯದಲ್ಲಿಯೂ ಇದೇ ತೊಡಕು ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಧೂಳನ್ನೂ ಗೀರುಗಳನ್ನೂ ತೆಗೆಯುವುದು ಕೇವಲ ಕುಶಲಕರ್ಮಿಯ ಕೆಲಸವೆಂದು ತೋರಬಹುದು. ಆದರೆ ಯಾವುದು ಕಲೆ, ಯಾವುದು ಆಧಾರ ಎಂಬ ನಿರ್ಣಯವು ಅದರಲ್ಲಿ ಅಡಗಿರುವುದರಿಂದ ಅದು ಇತಿಹಾಸದ ವಿದ್ಯಾರ್ಥಿಗೂ ಸಂಬಂಧಪಟ್ಟ ವಿಷಯವೇ ಆಗಿದೆ. ಈ ಮಾತನ್ನು ಮುಖ್ಯವಾಗಿ ಖಗೋಳವಿಜ್ಞಾನದ ಗಾಜಿನ ಫಲಕಗಳ ನಿದರ್ಶನದಿಂದ ಸ್ಪಷ್ಟಪಡಿಸುವುದು ನಮ್ಮ ಉದ್ದೇಶ.

ಮೊದಲು ನೆಗೆಟಿವ್‌ನ ರಚನೆಯನ್ನು ಗಮನಿಸೋಣ. ಫ್ರೆಡರಿಕ್ ಸ್ಕಾಟ್ ಆರ್ಚರನು 1851ರಲ್ಲಿ ಪ್ರಕಟಿಸಿದ ಕೊಲೋಡಿಯನ್ ವಿಧಾನದಲ್ಲಿ ಫಲಕವನ್ನು ಒದ್ದೆಯಾಗಿರುವಾಗಲೇ ಬಳಸಬೇಕಾಗಿತ್ತು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸನು ಸೂಚಿಸಿದ ಜೆಲಟಿನ್ ಲೇಪವು ಒಣ ಫಲಕಗಳಿಗೂ, ಮುಂದೆ ಫಿಲ್ಮಿಗೂ ದಾರಿಮಾಡಿತು. ಗಾಜು ಅಥವಾ ಫಿಲ್ಮಿನ ಪಾರದರ್ಶಕ ಆಧಾರ, ಅದರ ಮೇಲೆ ಜೆಲಟಿನ್ ಲೇಪ, ಆ ಲೇಪದೊಳಗೆ ಬೆಳ್ಳಿಯ ಕಣಗಳಿಂದಾದ ಚಿತ್ರ—ಕಪ್ಪು-ಬಿಳುಪಿನ ನೆಗೆಟಿವ್‌ನ ಸ್ವರೂಪ ಇಷ್ಟು. ಇದಕ್ಕೆ ತಗಲುವ ದೋಷಗಳು ಮುಖ್ಯವಾಗಿ ಮೂರು ಬಗೆಯವು: ಮೇಲೆ ಕುಳಿತ ಧೂಳು, ಆಧಾರದ ಮೇಲಾದ ಗೀರು, ಲೇಪವನ್ನೇ ಕಿತ್ತುಹಾಕಿದ ಗೀರು. ಮೊದಲ ಎರಡರಲ್ಲಿ ಚಿತ್ರವು ಮರೆಯಾಗಿದೆ, ಮೂರನೆಯದರಲ್ಲಿ ನಾಶವಾಗಿದೆ. ಮರೆಯಾದುದನ್ನು ಮತ್ತೆ ತೋರಿಸಬಹುದು. ನಾಶವಾದುದನ್ನು ಊಹಿಸಬಹುದೇ ಹೊರತು ಮರಳಿ ಪಡೆಯಲಾಗದು.

ದೋಷ ನಿವಾರಣೆಯ ವಿಧಾನಗಳನ್ನೂ ಈ ಭೇದದ ದೃಷ್ಟಿಯಿಂದಲೇ ಪರಿಶೀಲಿಸಬೇಕು. 19ನೆಯ ಶತಮಾನದ ಚಿತ್ರಶಾಲೆಗಳಲ್ಲಿ ಪೆನ್ಸಿಲ್, ಕುಂಚಗಳಿಂದ ನೆಗೆಟಿವ್‌ನ ಮೇಲೆಯೇ ತಿದ್ದುತ್ತಿದ್ದರು. 1950ರ ದಶಕದಲ್ಲಿ ಚಲನಚಿತ್ರಗಳ ಪ್ರತಿ ತೆಗೆಯಲು ಬೇರೊಂದು ಉಪಾಯವು ರೂಢಿಗೆ ಬರತೊಡಗಿತು. ಫಿಲ್ಮಿನ ಆಧಾರಕ್ಕೆ ಸಮೀಪವಾದ ವಕ್ರೀಭವನಾಂಕವುಳ್ಳ ದ್ರವದಲ್ಲಿ ಅದನ್ನು ಮುಳುಗಿಸಿದರೆ ದ್ರವವು ಗೀರನ್ನು ತುಂಬಿ, ಬೆಳಕು ಚದರದೆ ನೇರವಾಗಿ ಸಾಗುತ್ತದೆ, ಗೀರು ಕಾಣದಾಗುತ್ತದೆ. ಈ ವಿಧಾನವು ಚಿತ್ರಕ್ಕೆ ಏನನ್ನೂ ಸೇರಿಸುವುದಿಲ್ಲವೆಂಬುದು ಅದರ ಹಿರಿಮೆ.

1990ರ ದಶಕದಲ್ಲಿ ಆಲ್ಬರ್ಟ್ ಎಡ್ಗರ್ ಎಂಬಾತನ ಸಂಶೋಧನೆಯ ಫಲವಾಗಿ ಮೂರನೆಯ ವಿಧಾನವೊಂದು ಬಳಕೆಗೆ ಬಂದಿತು. ಬಣ್ಣದ ಫಿಲ್ಮಿನ ವರ್ಣದ್ರವ್ಯಗಳು ಅವಕೆಂಪು ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದಿಲ್ಲ. ಧೂಳು, ಗೀರುಗಳಾದರೋ ತಡೆಯುತ್ತವೆ ಅಥವಾ ಚದರಿಸುತ್ತವೆ. ಆದಕಾರಣ ಅವಕೆಂಪು ಬೆಳಕಿನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿದರೆ ದೋಷಗಳ ನಕ್ಷೆಯೊಂದು ದೊರೆಯುತ್ತದೆ. ಬೆಳಕು ಪೂರ್ಣವಾಗಿ ಮರೆಯಾದ ಎಡೆಗಳನ್ನು ಯಂತ್ರವು ನೆರೆಯ ಭಾಗಗಳ ಆಧಾರದಿಂದ ತುಂಬುತ್ತದೆ. ‘ಡಿಜಿಟಲ್ ಐಸ್’ ಎಂಬ ಹೆಸರಿನ ಈ ಉಪಾಯವು ಬಹಳ ಜನಪ್ರಿಯವಾಯಿತು. ಆದರೆ ಬೆಳ್ಳಿಯು ಅವಕೆಂಪು ಕಿರಣಗಳನ್ನೂ ತಡೆಯುವುದರಿಂದ ಕಪ್ಪು-ಬಿಳುಪಿನ ನೆಗೆಟಿವ್‌ನಲ್ಲಿ ಯಂತ್ರವು ಚಿತ್ರವನ್ನೇ ಧೂಳೆಂದು ಬಗೆಯುತ್ತದೆ. ಎಂದರೆ ಹಳೆಯ ಸಂಗ್ರಹಗಳ ಬಹುಭಾಗಕ್ಕೆ ಇದು ಒದಗುವುದೇ ಇಲ್ಲ. ಮೇಲಾಗಿ, ಗ್ರಂಥಸಂಪಾದಕನು ಊಹಾಪಾಠವನ್ನು ಕಂಸದೊಳಗಿರಿಸಿ ಓದುಗನನ್ನು ಎಚ್ಚರಿಸುತ್ತಾನೆ. ಯಂತ್ರವು ತುಂಬಿದ ಭಾಗಕ್ಕೆ ಅಂತಹ ಗುರುತೊಂದೂ ಇರುವುದಿಲ್ಲ.

ಇನ್ನು ಮುಖ್ಯ ನಿದರ್ಶನಕ್ಕೆ ಬರೋಣ. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಐದು ಲಕ್ಷಕ್ಕೂ ಹೆಚ್ಚು ಗಾಜಿನ ಫಲಕಗಳಿವೆ. 1880ರ ದಶಕದಿಂದ ಸುಮಾರು ನೂರು ವರ್ಷಗಳ ಆಕಾಶದ ದಾಖಲೆ ಅವುಗಳಲ್ಲಿದೆ. 1877ರಿಂದ 1919ರವರೆಗೆ ಅದರ ನಿರ್ದೇಶಕನಾಗಿದ್ದ ಎಡ್ವರ್ಡ್ ಪಿಕರಿಂಗನು ಈ ಫಲಕಗಳ ಅಧ್ಯಯನಕ್ಕೆ ಅನೇಕ ಮಹಿಳೆಯರನ್ನು ನೇಮಿಸಿದನು. ಅವರು ಲೇಪವಿಲ್ಲದ ಗಾಜಿನ ಬದಿಯಲ್ಲಿ ಶಾಯಿಯಿಂದ ವೃತ್ತ, ಬಾಣ, ಅಂಕಿಗಳನ್ನು ಬರೆಯುತ್ತ ನಕ್ಷತ್ರಗಳನ್ನು ಗುರುತಿಸುತ್ತಿದ್ದರು. ಅವರಲ್ಲಿ ಒಬ್ಬಳಾದ ಹೆನ್ರಿಯೆಟಾ ಲೆವಿಟ್ ಮೆಗೆಲನ್ ಮೇಘಗಳಲ್ಲಿ ಕಾಂತಿ ಏರಿಳಿಯುವ 1777 ನಕ್ಷತ್ರಗಳ ಪಟ್ಟಿಯನ್ನು 1908ರಲ್ಲಿ ಪ್ರಕಟಿಸಿದಳು. 1912ರಲ್ಲಿ ಅಂತಹ 25 ನಕ್ಷತ್ರಗಳ ಆಧಾರದಿಂದ, ಏರಿಳಿತದ ಅವಧಿಗೂ ನಕ್ಷತ್ರದ ಕಾಂತಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟಳು. ವಿಶ್ವದ ದೂರಗಳನ್ನು ಅಳೆಯುವ ಒಂದು ಮಾನದಂಡ ಹೀಗೆ ದೊರೆಯಿತು.

ಈ ಫಲಕಗಳ ಸ್ಕ್ಯಾನಿಂಗ್ ಕಾರ್ಯವು 21ನೆಯ ಶತಮಾನದ ಆರಂಭದಲ್ಲಿ ಮೊದಲಾಗಿ, ನಾಲ್ಕು ಲಕ್ಷಕ್ಕೂ ಹೆಚ್ಚು ಫಲಕಗಳೊಡನೆ 2024ರಲ್ಲಿ ಪೂರ್ಣಗೊಂಡಿತು. ಬೆಳಕು ಗಾಜಿನ ಮೂಲಕ ಹಾಯಬೇಕಾದುದರಿಂದ ಧೂಳಿನಂತೆಯೇ ಶಾಯಿಯೂ ಅಡ್ಡಿಯಾಗಿತ್ತು. ಅದರಡಿಯ ನಕ್ಷತ್ರದ ಕಾಂತಿಯನ್ನು ಅಳೆಯುವುದು ಅಸಾಧ್ಯವಾಗಿತ್ತು. ಆದಕಾರಣ ಗುರುತುಗಳ ಛಾಯಾಚಿತ್ರ ತೆಗೆದುಕೊಂಡು, ಬಳಿಕ ಅವನ್ನು ಅಳಿಸಿ ಫಲಕವನ್ನು ಸ್ವಚ್ಛಗೊಳಿಸುವ ಕ್ರಮವನ್ನು ಅನುಸರಿಸಲಾಯಿತು. ಖಗೋಳವಿಜ್ಞಾನಿಗೆ ಅದು ಮಲಿನತೆ. ವಿಜ್ಞಾನದ ಇತಿಹಾಸಕಾರನಿಗೆ ಅದು ಸಂಶೋಧಕಿಯ ಹಸ್ತಾಕ್ಷರ. ಒಂದೇ ಗಾಜಿನ ಎರಡು ಬದಿಗಳಲ್ಲಿ ಎರಡು ದಾಖಲೆಗಳಿದ್ದು, ಒಂದನ್ನು ಓದಲು ಇನ್ನೊಂದನ್ನು ಅಳಿಸಬೇಕಾಯಿತು.

ಈ ಕ್ರಮವನ್ನು ಸುಲಭವಾಗಿ ಖಂಡಿಸುವಂತಿಲ್ಲ. 2016ರ ಜನವರಿಯಲ್ಲಿ ನೀರಿನ ಕೊಳವೆ ಒಡೆದು, ಸಂಗ್ರಹದ ಸುಮಾರು 61,000 ಫಲಕಗಳು ನೀರಿನಲ್ಲಿ ಮುಳುಗಿದುವು. ಸ್ಕ್ಯಾನ್ ಮಾಡದೆ ಬಿಟ್ಟಿದ್ದರೆ ಎರಡು ದಾಖಲೆಗಳೂ ಒಟ್ಟಿಗೇ ಅಪಾಯಕ್ಕೊಳಗಾಗುತ್ತಿದ್ದುವು. ಆದರೆ ಶಾಯಿಯ ಗುರುತಿನ ಬೆಲೆಯೇನೆಂಬುದನ್ನು ಮೌಂಟ್ ವಿಲ್ಸನ್ ವೀಕ್ಷಣಾಲಯದ ಒಂದು ಫಲಕ ತಿಳಿಸುತ್ತದೆ. 1923ರ ಅಕ್ಟೋಬರಿನಲ್ಲಿ ಆಂಡ್ರೊಮೆಡಾದ ಚಿತ್ರ ತೆಗೆದ ಎಡ್ವಿನ್ ಹಬಲನು ಒಂದು ಬಿಂದುವನ್ನು ನೋವಾ ಎಂದು ಭಾವಿಸಿ ಗುರುತಿಸಿದ್ದನು. ಬಳಿಕ ಆ ಗುರುತನ್ನು ಹೊಡೆದುಹಾಕಿ, ಅದು ಕಾಂತಿ ಏರಿಳಿಯುವ ನಕ್ಷತ್ರವೆಂದು ಆಶ್ಚರ್ಯಸೂಚಕ ಚಿಹ್ನೆಯೊಡನೆ ಬರೆದನು. ಲೆವಿಟಳ ನಿಯಮವನ್ನು ಆ ನಕ್ಷತ್ರಕ್ಕೆ ಅನ್ವಯಿಸಿದಾಗ ಆಂಡ್ರೊಮೆಡಾ ನಮ್ಮ ಆಕಾಶಗಂಗೆಯ ಹೊರಗಿದೆಯೆಂಬುದು ಖಚಿತವಾಯಿತು. ನಕ್ಷತ್ರವು ಲೇಪದಲ್ಲಿದೆ, ಅದನ್ನು ತಿಳಿದುಕೊಂಡ ಕ್ಷಣವು ಶಾಯಿಯಲ್ಲಿದೆ.

ಇನ್ನು ಧೂಳಿನ ವಿಚಾರ. ಆಕಾಶದ ನೆಗೆಟಿವ್‌ನಲ್ಲಿ ನಕ್ಷತ್ರವೂ ಕಪ್ಪು ಬಿಂದು, ಧೂಳಿನ ಕಣವೂ ಕಪ್ಪು ಬಿಂದು. ಒಂದೇ ಪ್ರದೇಶದ ಹಲವು ಫಲಕಗಳನ್ನು ಹೋಲಿಸಿದರೆ ನಕ್ಷತ್ರವು ಮರುಕಳಿಸುತ್ತದೆ, ಧೂಳು ಮರುಕಳಿಸದು ಎಂಬುದು ಸಾಮಾನ್ಯ ಸೂತ್ರ. ಆದರೆ ಒಮ್ಮೆ ಮಾತ್ರ ಮಿಂಚಿ ಮರೆಯಾದ ಬೆಳಕಿದ್ದರೆ ಆ ಸೂತ್ರವೇ ಅದನ್ನು ಧೂಳೆಂದು ಹೊರದೂಡುತ್ತದೆ. ಪಾಲೋಮಾರ್ ವೀಕ್ಷಣಾಲಯದಲ್ಲಿ 1950ರ ಏಪ್ರಿಲ್ 12ರಂದು ತೆಗೆದ ಫಲಕವೊಂದರ ವಿಷಯದಲ್ಲಿ ಇಂತಹ ವಿವಾದವೇ ನಡೆದಿದೆ. ಬೇರಾವ ಫಲಕದಲ್ಲಿಯೂ ಕಾಣದ ಒಂಬತ್ತು ಬಿಂದುಗಳನ್ನು 2021ರ ಪ್ರಬಂಧವೊಂದು ವಿದ್ವಾಂಸರ ಗಮನಕ್ಕೆ ತಂದಿತು; ಅವುಗಳ ಆಕಾರವನ್ನು ಪರೀಕ್ಷಿಸಿ, ಅವು ಲೇಪದ ದೋಷಗಳಾಗಿರಬಹುದೆಂದು 2024ರಲ್ಲಿ ಇತರರು ವಾದಿಸಿದರು. ಅಚ್ಚಿನ ಬಿಂದುವಿನ ಸಂದೇಹಕ್ಕೆ ಕಲ್ಲು ಹೇಗೋ, ಇಂತಹ ವಿವಾದಕ್ಕೆ ಮೂಲ ಫಲಕವೂ ಹಾಗೆ.

ಈ ಪ್ರಶ್ನೆ ನಮಗೆ ದೂರವಾದುದಲ್ಲ. ಕೊಡೈಕನಾಲ್ ವೀಕ್ಷಣಾಲಯದಲ್ಲಿ 20ನೆಯ ಶತಮಾನದ ಆರಂಭದಿಂದ ತೆಗೆದ ಸೂರ್ಯನ ಚಿತ್ರಗಳನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಸ್ಕ್ಯಾನ್ ಮಾಡಿಸಿದೆ. ಸೂರ್ಯನ ನೆಗೆಟಿವ್‌ನಲ್ಲಿ ಬಿಂಬವು ಕಪ್ಪಾಗಿಯೂ ಸೂರ್ಯಕಲೆಯು ತಿಳಿಯಾಗಿಯೂ ಕಾಣುವುದರಿಂದ, ಇಲ್ಲಿ ಭ್ರಮೆ ಹುಟ್ಟಿಸುವುದು ಧೂಳಲ್ಲ, ಲೇಪ ಕಿತ್ತುಹೋದ ಚುಕ್ಕೆ. ದೋಷದ ಸ್ವರೂಪವು ವಸ್ತುವಿಗೆ ತಕ್ಕಂತೆ ಬದಲಾಗುತ್ತದೆ. ಎಲ್ಲಕ್ಕೂ ಒಂದೇ ಯಂತ್ರವಿಧಾನ ಸಲ್ಲದು.

ಇದರಿಂದ ಮೂರು ನಿಯಮಗಳು ಫಲಿಸುತ್ತವೆಂದು ನಾವು ಭಾವಿಸುತ್ತೇವೆ. ಯಾವ ತಿದ್ದುಪಡಿಯೂ ಇಲ್ಲದ ಮೊದಲ ಸ್ಕ್ಯಾನನ್ನು ಯಾವಾಗಲೂ ಉಳಿಸಿಕೊಳ್ಳಬೇಕು. ಶುದ್ಧೀಕರಿಸಿದ ಪ್ರತಿಯು ಅದರ ಸ್ಥಾನವನ್ನು ಆಕ್ರಮಿಸಬಾರದು. ಏನನ್ನು, ಯಾವ ವಿಧಾನದಿಂದ ತೆಗೆಯಲಾಯಿತೆಂಬ ವಿವರವು ಪ್ರತಿಯೊಡನೆಯೇ ಇರಬೇಕು. ಸ್ಕ್ಯಾನ್ ಆಯಿತೆಂಬ ಕಾರಣದಿಂದ ಮೂಲವನ್ನು ಅಲಕ್ಷಿಸಬಾರದು. ನಮ್ಮ ಕಾಲೇಜುಗಳಲ್ಲಿಯೂ ಮನೆತನಗಳಲ್ಲಿಯೂ ಹಳೆಯ ನೆಗೆಟಿವ್‌ಗಳು ಪೆಟ್ಟಿಗೆಗಳಲ್ಲಿ ಉಳಿದಿವೆ. ಅವನ್ನು ಸ್ಕ್ಯಾನ್ ಮಾಡಲು ಹೊರಡುವ ವಿದ್ಯಾರ್ಥಿಗಳು ಒರೆಸುವ ಮೊದಲು ಒಮ್ಮೆ ಓದಿ ನೋಡಲಿ; ಅಂಚಿನ ಮೇಲೆ ಯಾರೋ ಬರೆದಿಟ್ಟ ಒಂದು ತೇದಿಯೇ ಆ ಚಿತ್ರದ ಕಾಲವನ್ನು ನಿರ್ಣಯಿಸುವ ಏಕೈಕ ಆಧಾರವಾಗಿರಬಹುದು.