ಹಿಪ್ಪೆ ಹಿಂಡಿ, ಅನ್ನಭೇದಿ ಮತ್ತು ಇಂಗ್ಲೆಂಡಿನ ಹುಲ್ಲುಹಾಸು

ಇಂಗ್ಲೆಂಡಿನ ಮನೆಯಂಗಳದ ಹುಲ್ಲುಹಾಸು ಅಲ್ಲಲ್ಲಿ ಬೋಳುಬಿದ್ದು ಉಳಿದೆಡೆ ಪಾಚಿಗಟ್ಟಿದಾಗ ಅಲ್ಲಿನ ಮಳೆಯನ್ನೂ ಮಂಕು ಬೆಳಕನ್ನೂ ದೂರುವುದು ರೂಢಿಯಾದರೂ, ಆ ನೆಲವನ್ನು ಚೆಂದಗಾಣಿಸಲು ತೋಟಗಾರರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಉಪಚಾರಗಳೂ ಆ ಕೆಡುಕಿನಲ್ಲಿ ದೊಡ್ಡ ಪಾಲು ಪಡೆದಿದ್ದವು. ಇಲ್ಲಿ ಪಾಚಿ ಎನ್ನುವುದು ಕಲ್ಯಾಣಿಯ ಮೆಟ್ಟಿಲುಗಳನ್ನು ಜಾರಿಸುವ ಲೋಳೆಗಿಂತ ಬೇರೆಯದು. ಸಸ್ಯಶಾಸ್ತ್ರದಲ್ಲಿ ಹಾವಸೆ ಎನಿಸಿಕೊಳ್ಳುವ ಈ ಕಿರುಸಸ್ಯಕ್ಕೆ ನಿಜವಾದ ಬೇರಿಲ್ಲ, ಅದು ನವಿರಾದ ಎಳೆಗಳಿಂದ ನೆಲ ಹಿಡಿದು, ಎಲೆಗಳಿಂದಲೇ ನೀರು ಹೀರಿ, ಬೀಜಕಗಳ ಮೂಲಕ ಹರಡಿ, ಹುಲ್ಲು ಸೊರಗಿ ತೆರವಾದ ಕಡೆಯಲ್ಲೆಲ್ಲ ಬಂದು ನೆಲೆಯೂರುತ್ತದೆ.

ಬೋಳು ನೆಲವನ್ನು ಹಸಿರಾಗಿಸುವ ಹಳೆಯ ಯುರೋಪಿನ ಕ್ರಮದಲ್ಲಿ ಬಿತ್ತನೆಗೆ ಹೆಚ್ಚಿನ ಸ್ಥಾನವಿರಲಿಲ್ಲ. 13ನೇ ಶತಮಾನದ ಜರ್ಮನ್ ವಿದ್ವಾಂಸ ಆಲ್ಬರ್ಟಸ್ ಮ್ಯಾಗ್ನಸ್ ವಿವರಿಸಿದಂತೆ, ನೆಲದ ಬೇರುಗಳನ್ನೆಲ್ಲ ಕಿತ್ತು, ಉಳಿದ ಬೀಜಗಳು ಸಾಯುವಂತೆ ಕುದಿನೀರು ಸುರಿದು, ಹುಲ್ಲುಗಾವಲಿನಿಂದ ಬೇರು ಮತ್ತು ಮಣ್ಣಿನ ಸಮೇತ ಕತ್ತರಿಸಿ ತಂದ ಹುಲ್ಲುಹೆಂಟೆಗಳನ್ನು ಜೋಡಿಸಿ, ಅಗಲವಾದ ಮರದ ಕೊಡತಿಗಳಿಂದ ಬಡಿದು ತುಳಿದರೆ, ಹುಲ್ಲು ಕೂದಲಿನಂತೆ ಸಣ್ಣಗೆ ಚಿಗುರಿ ಬರುತ್ತಿತ್ತು.

18ನೇ ಶತಮಾನದಲ್ಲಿ, ಕೇಪಬಿಲಿಟಿ ಬ್ರೌನ್ ಎಂದೇ ಹೆಸರಾದ ಲ್ಯಾನ್ಸೆಲಾಟ್ ಬ್ರೌನ್ ಜಮೀನುದಾರರ ಬಂಗಲೆಗಳ ಬಾಗಿಲವರೆಗೂ ಹುಲ್ಲನ್ನು ಹರಡಿದ ಕಾಲಕ್ಕೆ, ಈ ಹಸಿರನ್ನು ಕಾಯುವುದು ಆಳುಗಳ ದೊಡ್ಡ ಪಡೆಗೇ ಕೆಲಸವಾಯಿತು. ಇಬ್ಬನಿಯಿಂದ ಒದ್ದೆಯಾದ ಹುಲ್ಲನ್ನು ಸುಲಭವಾಗಿ ಕತ್ತರಿಸಬಹುದಾದ್ದರಿಂದ ಅವರು ನಸುಕಿನಲ್ಲೇ ಉದ್ದ ಹಿಡಿಯ ಕುಡುಗೋಲು ಬೀಸುತ್ತಿದ್ದರು, ಬರ್ಚ್ ಮರದ ಕಡ್ಡಿಗಳ ಪೊರಕೆಯಿಂದ ಗುಡಿಸುತ್ತಿದ್ದರು, ಬಳಿಕ ಭಾರವಾದ ರೋಲರ್ ಎಳೆಯುತ್ತಿದ್ದರು. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಬಳಿಯ ಎಡ್ವಿನ್ ಬಡ್ಡಿಂಗ್, ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸವರುವ ಯಂತ್ರದಿಂದ ಪ್ರೇರಣೆ ಪಡೆದು 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ, ಕುಡುಗೋಲಿನ ಆಳುಗಳಿಲ್ಲದ ಮಧ್ಯಮವರ್ಗದ ಮನೆಗಳಿಗೂ ನುಣುಪಾದ ಹುಲ್ಲುಹಾಸು ಕಾಲಕ್ರಮೇಣ ಎಟುಕಿತು. ಬಟ್ಟೆಯ ನುಣುಪನ್ನು ನೆಲದಿಂದಲೂ ಬಯಸಿದ್ದರ ಬೆಲೆಯನ್ನು ಮಾತ್ರ ಹುಲ್ಲು ತೆರಬೇಕಾಯಿತು: ಪದೇ ಪದೇ ರೋಲರ್ ಉರುಳಿದ ಮಣ್ಣು ಬಿಗಿದು ಗಾಳಿಯಾಡದಾಯಿತು, ನೀರು ಇಂಗದೆ ಮೇಲೆ ನಿಂತಿತು, ತೀರ ಗಿಡ್ಡವಾಗಿ ಕತ್ತರಿಸಿದ ಹುಲ್ಲಿನ ಬೇರು ಆಳಕ್ಕಿಳಿಯಲಿಲ್ಲ, ಹಾವಸೆಗೆ ಬೇಕಾದ ಹಾಸಿಗೆ ಸಿದ್ಧವಾಯಿತು.

ನುಣುಪಿಗಾಗಿ ನೆಲವನ್ನೇ ಕೆಡಿಸುವ ಈ ತಪ್ಪು ಎರೆಹುಳುವಿನ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಎರೆಹುಳುಗಳು ನೆಲವನ್ನು ಉತ್ತು, ನುಣ್ಣನೆಯ ಮಣ್ಣನ್ನು ಮೇಲಕ್ಕೆ ತರುವುದನ್ನು ಚಾರ್ಲ್ಸ್ ಡಾರ್ವಿನ್ 1881ರ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದ್ದನಾದರೂ, ಹುಲ್ಲಿನ ಮೇಲೆ ಬೀಳುವ ಎರೆಹಿಕ್ಕೆಯ ಗುಪ್ಪೆಗಳು ಚೆಂಡಿನ ಓಟಕ್ಕೆ ಅಡ್ಡಿಯಾಗುತ್ತಿದ್ದ ಕಾರಣ ಗಾಲ್ಫ್ ಮತ್ತು ಬೌಲ್ಸ್ ಅಂಗಣಗಳ ಪಾಲಕರು ಹುಳುಗಳನ್ನು ಹಗೆಗಳೆಂದೇ ಎಣಿಸಿದರು. ಅದಕ್ಕೆ ಅವರಿಗೆ ಒದಗಿದ ಮದ್ದು ಭಾರತದ್ದು. 20ನೇ ಶತಮಾನದ ಆರಂಭದ ದಶಕಗಳಲ್ಲಿ 'ಮೌರಾ ಮೀಲ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಪುಡಿಯು ಹಿಪ್ಪೆ ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯೇ ಆಗಿತ್ತು; ಸೀಗೆ, ಅಂಟುವಾಳಗಳಲ್ಲಿ ನೊರೆ ಬರಿಸುವ ಸಪೋನಿನ್ ವರ್ಗದ ವಸ್ತು ಇದರಲ್ಲಿಯೂ ಇರುವುದರಿಂದ, ಪುಡಿ ಎರಚಿ ನೀರು ಹಾಯಿಸಿದೊಡನೆ ಹುಳುಗಳು ಉರಿ ತಾಳದೆ ಮೇಲೆದ್ದು ಬರುತ್ತಿದ್ದವು, ಅವನ್ನು ಗುಡಿಸಿ ಒಯ್ಯಲಾಗುತ್ತಿತ್ತು. ಕನ್ನಡ ನಾಡಿನಲ್ಲಿ ದೀಪದೆಣ್ಣೆ ಕೊಟ್ಟ ಮರದ ಹಿಂಡಿ ಅಲ್ಲಿ ನೆಲ ಉಳುವ ಜೀವಿಯನ್ನೇ ನೀಗುವ ಸರಕಾದದ್ದು ಸಾಮ್ರಾಜ್ಯದ ವ್ಯಾಪಾರದ ವಿಚಿತ್ರಗಳಲ್ಲೊಂದು.

ಕಳೆಗೂ ಹಾವಸೆಗೂ ಒಟ್ಟಿಗೆ ಬಳಸುತ್ತಿದ್ದ 'ಲಾನ್ ಸ್ಯಾಂಡ್' ಎಂಬುದು ಮರಳಿಗೆ ಅಮೋನಿಯಂ ಸಲ್ಫೇಟ್ ಮತ್ತು ನಮ್ಮಲ್ಲಿ ಅನ್ನಭೇದಿ ಎನ್ನುವ ಕಬ್ಬಿಣದ ಸಲ್ಫೇಟ್ ಬೆರೆಸಿದ ಮಿಶ್ರಣ. ಡೇಸಿಯಂಥ ಗಿಡಗಳ ಅಗಲವಾದ ಎಲೆ ಅದನ್ನು ಹಿಡಿದಿಟ್ಟುಕೊಂಡು ಸುಟ್ಟುಹೋಗುತ್ತದೆ, ಹಾವಸೆ ಕಪ್ಪಾಗಿ ಸಾಯುತ್ತದೆ, ನೆಟ್ಟಗೆ ನಿಂತ ಹುಲ್ಲಿನ ಎಸಳಿನಿಂದ ಅದು ಜಾರಿ ಬಿದ್ದು ಗೊಬ್ಬರವಾಗುತ್ತದೆ. ಆದರೆ ಅಮೋನಿಯಂ ಸಲ್ಫೇಟ್ ಮಣ್ಣನ್ನು ವರ್ಷದಿಂದ ವರ್ಷಕ್ಕೆ ಆಮ್ಲೀಯ, ಎಂದರೆ ಹುಳಿ, ಮಾಡುತ್ತದೆ. ಹರ್ಟ್‌ಫರ್ಡ್‌ಶೈರಿನ ರಾಥಮ್‌ಸ್ಟೆಡ್‌ನಲ್ಲಿ ಕೃಷಿ ವಿಜ್ಞಾನಿಗಳಾದ ಲಾಸ್ ಮತ್ತು ಗಿಲ್ಬರ್ಟ್ 1856ರಲ್ಲಿ ಆರಂಭಿಸಿದ, ಇಂದಿಗೂ ನಡೆದಿರುವ 'ಪಾರ್ಕ್ ಗ್ರಾಸ್' ಪ್ರಯೋಗದ ಹುಲ್ಲುಗಾವಲಿನಲ್ಲಿ, ಈ ಗೊಬ್ಬರವನ್ನು ಸತತವಾಗಿ ಪಡೆದು ಸುಣ್ಣ ಕಾಣದ ತುಂಡುಗಳ ಪಿಎಚ್ 4ಕ್ಕಿಂತ ಕೆಳಗಿಳಿದು, ಸಸ್ಯಜಾತಿಗಳು ಬೆರಳೆಣಿಕೆಗೆ ಇಳಿದವು. ಹುಳಿ ಮಣ್ಣಿನಲ್ಲಿ ಎರೆಹುಳುಗಳು ಉಳಿಯದ ಕಾರಣ, ಸತ್ತ ಹುಲ್ಲು ಕೊಳೆಯದೆ ಮೇಲೆಯೇ ಚಾಪೆಗಟ್ಟಿತು.

ಯಾರ್ಕ್‌ಶೈರಿನ ಬಿಂಗ್ಲಿಯಲ್ಲಿ 1929ರಲ್ಲಿ ಗಾಲ್ಫ್ ಅಂಗಣಗಳ ಹುಲ್ಲಿಗಾಗಿಯೇ ಸಂಶೋಧನಾ ಕೇಂದ್ರವೊಂದು ಸ್ಥಾಪನೆಯಾದ ಮೇಲೆ ಈ ಕಸುಬು ಪ್ರಯೋಗದ ಆಸರೆ ಪಡೆಯಿತು. ಇಂದಿನ ದುರಸ್ತಿಯ ಕ್ರಮ ಹಳೆಯ ಉಪಚಾರಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸುವಂತಿದೆ: ಅನ್ನಭೇದಿಯಿಂದ ಕಪ್ಪಾದ ಹಾವಸೆಯನ್ನು ತಂತಿಹಲ್ಲಿನ ಹಲುಬೆಯಿಂದ ಕೆರೆದು, ರೋಲರ್ ಬಿಗಿದ ಮಣ್ಣನ್ನು ಫೋರ್ಕಿನಿಂದ ಚುಚ್ಚಿ ಮರಳು ತುಂಬಿ, ಬೋಳು ಜಾಗಗಳಿಗೆ ಫೆಸ್ಕ್ಯೂ, ಬೆಂಟ್ ಮೊದಲಾದ ನವಿರು ಹುಲ್ಲಿನ ಬೀಜ ಎರಚಿ, ಹುಲ್ಲನ್ನು ಮೊದಲಿಗಿಂತ ಎತ್ತರಕ್ಕೆ ಬಿಟ್ಟು ಕತ್ತರಿಸಲಾಗುತ್ತದೆ. ಹುಳಿ ಮಣ್ಣಿಗೆ ಸುಣ್ಣ ಹಾಕುವ ವಿಷಯದಲ್ಲಿ ಮಾತ್ರ ಅಂಗಣದ ಪಾಲಕರು ಬಹುಕಾಲ ಹಿಂಜರಿದರು, ಏಕೆಂದರೆ ಹುಳಿ ತಗ್ಗಿದ ಮಣ್ಣಿಗೆ ಎರೆಹುಳುಗಳು ಮರಳುತ್ತವೆ, ಬೆಳಗಾದರೆ ಅವುಗಳ ಹಿಕ್ಕೆಯನ್ನು ಗುಡಿಸಲು ಯಾರಾದರೂ ಮತ್ತೆ ಪೊರಕೆ ಹಿಡಿಯಬೇಕಾಗುತ್ತದೆ.