ಬರಗಾಲದ ಹಸಿವು ಮತ್ತು ನಮ್ಮ ಮೈತೂಕ

ಗೋಕಾಕ ಅಂದ ಕೂಡಲೇ ಎಲ್ಲರಿಗೂ ಜಲಪಾತ, ಕರದಂಟು ನೆನಪಾಗುತ್ತವೆ. ಇದೇ ಸೀಮೆ ಹಸಿದು ಕೂತ ಕಾಲ ಯಾರಿಗೂ ನೆನಪಾಗುವುದಿಲ್ಲ. ಹಾಗಿದ್ದರೂ "ನಮ್ಮ ಹಿರ್ಯಾರು ಬರಗಾಲ ಕಂಡಾವ್ರು, ಅದಕ್ಕ ನಮಗ ತಿಂದದ್ದೆಲ್ಲ ಮೈಗೆ ಹತ್ತತೈತಿ" ಅನ್ನುವ ಮಾತನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಇದು ಎಷ್ಟು ನಿಜ? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

1876-78ರದ್ದು ಧಾತು-ಈಶ್ವರ ಸಂವತ್ಸರಗಳ ಬರ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಬರ ಪರಿಹಾರದ ಕೆಲಸದಲ್ಲಿ ದುಡಿಯುವ ಗಂಡಾಳಿಗೆ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದ ದಿನಗೂಲಿ ಇಷ್ಟು: ಒಂದು ಪೌಂಡ್ (ಸುಮಾರು 450 ಗ್ರಾಂ) ಧಾನ್ಯದ ಬೆಲೆ, ಮೇಲೆ ಒಂದು ಆಣೆ. 1872ಕ್ಕೆ ಹೋಲಿಸಿದರೆ 1881ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆಯೇ ಇಳಿದಿತ್ತು.

ಇನ್ನು ವಿಜ್ಞಾನದ ಕಡೆ ಬರೋಣ. ಬರದಲ್ಲಿ ಕೊಬ್ಬು ಕೂಡಿಡಬಲ್ಲವರೇ ಬದುಕಿದರು, ಹೊಟ್ಟೆತುಂಬ ಸಿಗುವ ಕಾಲದಲ್ಲಿ ಅದೇ ಗುಣ ಸಕ್ಕರೆ ಕಾಯಿಲೆ ತರುತ್ತದೆ ಎಂದು 1962ರಲ್ಲಿ ಅಮೆರಿಕದ ಜೇಮ್ಸ್ ನೀಲ್ ಊಹಿಸಿದ. ಇದಕ್ಕೆ 'ಮಿತವ್ಯಯದ ವಂಶವಾಹಿ' ಅನ್ನೋಣ. ಕೇಳಲು ಚೆನ್ನಾಗಿದೆ. ಆದರೆ ಬರದಲ್ಲಿ ಹೆಚ್ಚಾಗಿ ಸಾಯುವವರು ಎಳೆಮಕ್ಕಳು ಮತ್ತು ಮುದುಕರು, ಅದೂ ಬಹಳ ಸಲ ರೋಗದಿಂದ. ತೆಳ್ಳಗಿದ್ದವರನ್ನೇ ಆರಿಸಿ ಬರ ಕೊಲ್ಲುವುದಿಲ್ಲ ಎಂದು ಜಾನ್ ಸ್ಪೀಕ್‌ಮನ್ ಆಕ್ಷೇಪಿಸಿದ. ನನಗೆ ಇನ್ನೊಂದು ಲೆಕ್ಕವೂ ಕಾಣುತ್ತದೆ. 1876ರಿಂದ ಇಲ್ಲಿಯವರೆಗೆ ಆರೇಳು ತಲೆಮಾರು. ಇಡೀ ಸೀಮೆಯ ವಂಶವಾಹಿಗಳು ಬದಲಾಗಲು ಅಷ್ಟು ಸಾಲದು.

ಹಾಗಂತ ವಂಶವಾಹಿಯ ಪಾತ್ರವೇ ಇಲ್ಲವೆಂದಲ್ಲ. 1986ರಲ್ಲಿ ಸ್ಟಂಕರ್ಡ್ ತಂಡ ಡೆನ್ಮಾರ್ಕಿನ ದತ್ತುಮಕ್ಕಳನ್ನು ಗಮನಿಸಿತು. ಅವರ ಮೈತೂಕ ಹೋಲುತ್ತಿದ್ದದ್ದು ಹೆತ್ತವರನ್ನು, ಉಣಿಸಿ ಬೆಳೆಸಿದವರನ್ನಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬು ಸಾಕಷ್ಟಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನಿನ ವಂಶವಾಹಿ 1994ರಲ್ಲಿ ಸಿಕ್ಕಿತು. 2007ರಲ್ಲಿ ಎಫ್‌ಟಿಒ ವಂಶವಾಹಿಯ ಸುದ್ದಿ ಬಂತು: ಅದರ ಒಂದು ಬಗೆ ತಂದೆ-ತಾಯಿ ಇಬ್ಬರಿಂದಲೂ ಬಂದಿದ್ದರೆ ತೂಕ ಸರಾಸರಿ 3 ಕಿಲೋ ಹೆಚ್ಚು. ಅದು ಹೆಚ್ಚಾಗಿ ಕೆಲಸ ಮಾಡುವುದು ಹಸಿವಿನ ಮೂಲಕ.

ನಮ್ಮಲ್ಲಿ ಬದಲಾದದ್ದು ನೆಲ ಮತ್ತು ತಾಟು. 1897ರ ಹೊತ್ತಿಗೆ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಬಿತ್ತು. ಆಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ಆಯಿತು. ಜೋಳದ ಹೊಲಗಳಲ್ಲಿ ಕಬ್ಬು ಬಂತು, ಸಂಕೇಶ್ವರದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ಹಿಂದೆ ಗೋಕಾಕ ತಾಲೂಕಿನಲ್ಲೇ ಇದ್ದ ಮೂಡಲಗಿ ಈಗ ಬೇರೆ ತಾಲೂಕು. ಅಲ್ಲೂ ಕಬ್ಬೇ ಕಬ್ಬು. ಹಬ್ಬಕ್ಕೆ ಕಾಣುತ್ತಿದ್ದ ಸಿಹಿ ದಿನಾ ಚಹಾದಲ್ಲಿ ಕೂತಿತು. ಮೊದಲು ಹೆಚ್ಚು ಹಸಿವಾಗುವವನಿಗೂ ಕಡಿಮೆ ಹಸಿವಾಗುವವನಿಗೂ ಸಿಗುತ್ತಿದ್ದದ್ದು ಅಷ್ಟೇ ರೊಟ್ಟಿ. ತಾಟು ತುಂಬಿದ ಮೇಲೆಯೇ ಇಬ್ಬರ ಮೈಯಲ್ಲಿ ವ್ಯತ್ಯಾಸ ಕಾಣಿಸಿತು.

ಅದಕ್ಕೇ ಪಂಕ್ತಿಯಲ್ಲಿ ಕೂತ ದಪ್ಪ ಹುಡುಗನಿಗೆ 'ಹೊಟ್ಟೆಬಾಕ' ಅಂದಾಗ ನನಗೆ ಸಿಟ್ಟು ಬರುತ್ತದೆ. ಪಕ್ಕದ ತೆಳ್ಳನೆಯ ಹುಡುಗ ಸಂಯಮಿ ಅಂತ ಹೇಳಿದವರು ಯಾರು? ಅವನಿಗೆ ಅಷ್ಟು ಹಸಿವೇ ಆಗಿರಲಿಕ್ಕಿಲ್ಲ. ಬಡಿಸುವುದು ನಮ್ಮ ಕೈಯಲ್ಲಿದೆ, ಹಸಿವು ಅವನ ಕೈಯಲ್ಲಿಲ್ಲ. ಏನಂತೀರಿ?